ಮಳೆಕಾಡಿನ ಮೂಲನಿವಾಸಿಗಳು ಬೆಂಕಿ ಇಡುತ್ತಿದ್ದುದು ಯಾಕೆ?

ಕಾಡನ್ನು ಸುಡಲು ಅಲ್ಲ, ಅದರ ಅಂಚನ್ನು ಬಯಲಾಗಿ ಉಳಿಸಿಕೊಳ್ಳಲು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕುಕು ಯಲಂಜಿಯಂಥ ಜನ ತಲೆತಲಾಂತರದಿಂದ ಹೀಗೆ ಮಾಡುತ್ತ ಬಂದವರು. ದಟ್ಟ ಮಳೆಕಾಡು ಸದಾ ಒದ್ದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಅದರ ಪಕ್ಕದ ಹುಲ್ಲು, ನೀಲಗಿರಿ ಮರಗಳ ಜಾಗಕ್ಕೆ ಸಣ್ಣ ಬೆಂಕಿ ಇಡುತ್ತಿದ್ದರು. ಅದರಲ್ಲಿ ಮಳೆಕಾಡಿನ ಎಳೆ ಸಸಿಗಳು ಸಾಯುತ್ತವೆ, ದೊಡ್ಡ ನೀಲಗಿರಿ ಬದುಕುತ್ತದೆ. ಹೊಸ ಹುಲ್ಲು ಚಿಗುರಿದರೆ ಮೇಯಲು ವಾಲಬಿಗಳು, ಅಂದರೆ ಪುಟ್ಟ ಕಾಂಗರೂಗಳು, ಬರುತ್ತವೆ. ಬೇಟೆ ಸುಲಭ.

ವಸಾಹತುಗಾರರು ಇವರನ್ನು ಒಕ್ಕಲೆಬ್ಬಿಸಿದ ಮೇಲೆ ಎಷ್ಟೋ ಕಡೆ ಬೆಂಕಿ ನಿಂತಿತು, ಮಳೆಕಾಡು ಆ ಜಾಗಕ್ಕೆ ಹಬ್ಬಿತು. ಕಾಡು ಜಾಸ್ತಿಯಾದರೆ ಒಳ್ಳೆಯದೇ ಅಲ್ವಾ? ಇಲ್ಲಿ ಹಾಗಲ್ಲ. ನೀಲಗಿರಿ ಮರಗಳನ್ನೇ ನಂಬಿದ, ಮರದಿಂದ ಮರಕ್ಕೆ ತೇಲುವ ಗ್ಲೈಡರ್ ಎಂಬ ಪುಟ್ಟ ಪ್ರಾಣಿಗಳಂಥವುಗಳ ನೆಲೆ ಕುಗ್ಗುತ್ತದೆ. 2021ರಲ್ಲಿ ಅಲ್ಲಿನ ಮಳೆಕಾಡಿರುವ ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನ ಪೂರ್ವ ಭಾಗದ ಕುಕು ಯಲಂಜಿ ಜನರಿಗೆ ಮರಳಿತು. ಈಗ ಸರ್ಕಾರದ ಜೊತೆ ಸೇರಿ ಅವರೇ ನೋಡಿಕೊಳ್ಳುತ್ತಾರೆ.