ಜಡ್ಜ್ ಕುರ್ಚಿಯಲ್ಲಿ ಯಾರು ಕೂರುತ್ತಾರೆ?

ರಿಮೋಟ್ ವಿಮಾನಕ್ಕೆ ಆಕಾಶದಲ್ಲಿ ಲಾಗ ಹಾಕಿಸುವ ನನ್ನ ಹುಚ್ಚಿನ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಪತ್ರಗಳು ಬಂದಿವೆ. ನಾನು ಭದ್ರಾವತಿಯವನು, ಇಂಡಿಯಾನಾಗೆ ಬಂದು 26 ವರ್ಷ ಆಯಿತು. ಗೊತ್ತುಮಾಡಿದ ಆಟಗಳನ್ನು ಸಾಲಾಗಿ ಹಾರಿಸಿ ಜಡ್ಜ್ ಕೈಯಲ್ಲಿ ಅಂಕ ಪಡೆಯುವುದಕ್ಕೆ ಪ್ಯಾಟರ್ನ್ ಅನ್ನುತ್ತಾರೆ; ಇಲ್ಲಿನ ಕ್ಲಬ್ ಮೈದಾನದಲ್ಲಿ ಅದರ ಒಂದು ದಿನದ ಕಂಟೆಸ್ಟ್ ಎಂಟು ಸಲ ನಡೆಸಿದ್ದೇನೆ. ಪೈಲಟ್ ಆಗಿ ಐದನೇ ಸ್ಥಾನಕ್ಕಿಂತ ಮೇಲೆ ಹೋದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ಸರ್, ನಮ್ಮ ಕ್ಲಬ್ಬಿನಲ್ಲಿ 12 ಜನ ಇದ್ದೇವೆ. ಜೂನ್‌ನಲ್ಲಿ ಒಂದು ಶನಿವಾರ ಪ್ಯಾಟರ್ನ್ ಕಂಟೆಸ್ಟ್ ಇಡುವ ಆಸೆ. ಹೊರಗಿನವರನ್ನೂ ಸೇರಿಸಿ 25 ಪೈಲಟ್‌ಗಳಾದರೂ ಬರಬೇಕು. ಎಲ್ಲಿಂದ ಶುರು ಮಾಡಲಿ? ಟ್ರೋಫಿ ಎಷ್ಟು ದೊಡ್ಡದಿರಬೇಕು?
*– ಓದುಗರೊಬ್ಬರು, ಡೇಟನ್, ಒಹಾಯೊ*

ಉತ್ತರ: ರೈಟ್ ಸಹೋದರರ ಊರಿನವರಿಗೆ ನಾನೇನು ಹೇಳಲಿ! ಆದರೂ ಕೇಳಿದ್ದೀರಿ. ಟ್ರೋಫಿ ಪಕ್ಕಕ್ಕಿಡಿ, ಒಂದು ಗಡಿಯಾರ ತಗೊಳ್ಳಿ.

ಹೆಸರು ಕೂಗಿದಲ್ಲಿಂದ ವಿಮಾನ ಇಳಿಯುವವರೆಗೆ ಒಬ್ಬರಿಗೆ 8 ನಿಮಿಷ ಬೇಕು. 25 ಜನಕ್ಕೆ 200 ನಿಮಿಷ. ಅಂದರೆ ಒಂದು ರೌಂಡಿಗೇ ಮೂರು ಗಂಟೆ 20 ನಿಮಿಷ. ಎರಡು ರೌಂಡ್ ಮುಗಿಸಿ ಊಟ ಮಾಡುವಷ್ಟರಲ್ಲಿ ಸಂಜೆ ನಾಲ್ಕು. ಮೂರು ಗಂಟೆ ಕಾರು ಓಡಿಸಿಕೊಂಡು ಬಂದವನು ಎರಡೇ ಸಲ ಹಾರಿಸಿ ವಾಪಸ್ ಹೋದರೆ ಮುಂದಿನ ವರ್ಷ ಬರುವುದಿಲ್ಲ. ಅದೇ 14 ಜನ ಅಂದುಕೊಳ್ಳಿ. ಒಂದು ರೌಂಡಿಗೆ 112 ನಿಮಿಷ. ನಾಲ್ಕು ರೌಂಡಿಗೆ ಏಳೂವರೆ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ, ಅರ್ಧ ಗಂಟೆ ಊಟಕ್ಕೆ ಬಿಟ್ಟರೂ ಐದಕ್ಕೆ ಮುಗಿಯುತ್ತದೆ. ನಾಲ್ಕು ರೌಂಡ್ ಆದರೆ ಎಲ್ಲರ ಕೆಟ್ಟ ರೌಂಡ್ ಒಂದನ್ನು ಬಿಟ್ಟು ಮೂರನ್ನು ಲೆಕ್ಕಕ್ಕೆ ಹಿಡಿಯಬಹುದು. ಮೊದಲ ರೌಂಡಿನಲ್ಲೇ ಎಡವಿದವನೂ ಸಂಜೆವರೆಗೆ ಉತ್ಸಾಹದಿಂದ ಇರುತ್ತಾನೆ. ಆದ್ದರಿಂದ 14 ಸಾಕು.

ಇನ್ನು ಜಡ್ಜ್. ಒಂದು ದಿನದ ಕಂಟೆಸ್ಟ್ ಕೆಡುವುದು ಪೈಲಟ್ ಇಲ್ಲದೆ ಅಲ್ಲ, ಜಡ್ಜ್ ಇಲ್ಲದೆ. ನನ್ನ ಮೊದಲ ಕಂಟೆಸ್ಟಿಗೆ 17 ಜನ ಬಂದಿದ್ದರು. ಶಾಮಿಯಾನ, ನೀರು, ಕುರ್ಚಿ ಎಲ್ಲ ಇತ್ತು. ಬೆಳಗಿನ ಮೀಟಿಂಗಿನಲ್ಲಿ "ಜಡ್ಜ್ ಆಗಿ ಯಾರು ಕೂರುತ್ತೀರಿ?" ಅಂದೆ. ಹದಿನೇಳು ಜನವೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಕ್ಲಬ್ಬಿನ ಇಬ್ಬರು ಹಿರಿಯರು ಪಾಪ ಒಪ್ಪಿಕೊಂಡು ಐದು ಗಂಟೆ ಬಿಸಿಲಲ್ಲಿ ಕೂತರು. ಮಧ್ಯಾಹ್ನದ ಶೀಟ್‌ಗಳನ್ನು ನೋಡಿದರೆ ಒಬ್ಬರದು ಸಾಲಾಗಿ 7, 7, 7, 7. ಕಪ್ಪು ಕನ್ನಡಕದ ಹಿಂದೆ ನಿದ್ದೆ ಹೋಗುತ್ತಿದ್ದರು. ತಪ್ಪು ಅವರದಲ್ಲ, ನನ್ನದು.

ಆಮೇಲಿಂದ ಹೆಸರು ನೋಂದಾಯಿಸುವ ಈ-ಮೇಲ್‌ನಲ್ಲೇ ಬರೆಯುತ್ತೇನೆ: ಹಾರಿಸಲು ಬರುವವರೆಲ್ಲ ಜಡ್ಜ್ ಕುರ್ಚಿಯಲ್ಲೂ ಕೂರಬೇಕು. ಮೇಲಿನ ತರಗತಿಗಳಾದ ಮಾಸ್ಟರ್ಸ್ ಮತ್ತು ಎಫ್3ಎ ಪೈಲಟ್‌ಗಳು ಸ್ಪೋರ್ಟ್ಸ್‌ಮನ್, ಇಂಟರ್‌ಮೀಡಿಯೆಟ್ ನೋಡುತ್ತಾರೆ. ಕೆಳಗಿನ ತರಗತಿಯವರಲ್ಲಿ ಪಳಗಿದವರು ಮೇಲಿನವರನ್ನು ನೋಡುತ್ತಾರೆ. ಯಾರು ಯಾವಾಗ ಅಂತ ಹಿಂದಿನ ರಾತ್ರಿಯೇ ಪಟ್ಟಿ ಮಾಡಿ ಅಂಟಿಸಿ. ಈಗಷ್ಟೇ ಇಳಿದವನಿಗೂ, ಮುಂದೆ ಹಾರಿಸಬೇಕಾದವನಿಗೂ ಆ ಹೊತ್ತಿಗೆ ಕುರ್ಚಿ ಬೇಡ. ಒಬ್ಬನ ಕೈ ಇನ್ನೂ ನಡುಗುತ್ತಿರುತ್ತದೆ, ಇನ್ನೊಬ್ಬನ ಮನಸ್ಸು ಅಲ್ಲಿರುವುದಿಲ್ಲ.

ಒಂದನ್ನು ಮಾತ್ರ ಬಿಡಬೇಡಿ. ಒಂದು ತರಗತಿಯ ಒಂದು ರೌಂಡ್ ಮುಗಿಯುವವರೆಗೆ ಅದೇ ಇಬ್ಬರು ಜಡ್ಜ್ ಇರಬೇಕು. ನಮ್ಮ ಲೆಕ್ಕ ಹೇಗೆ ಗೊತ್ತಲ್ಲ: ರೌಂಡಿನಲ್ಲಿ ಜಾಸ್ತಿ ಅಂಕ ತೆಗೆದವನಿಗೆ 1000, ಉಳಿದವರಿಗೆ ಅದರ ಅನುಪಾತದಲ್ಲಿ. ಮೊದಲಿಗನದು 240, ನಿಮ್ಮದು 228 ಆದರೆ ನಿಮಗೆ 950. ಬೆಳಿಗ್ಗೆ ಕೈ ಬಿಗಿಯಾದ ಜಡ್ಜ್, ಮಧ್ಯಾಹ್ನ ಧಾರಾಳಿ ಜಡ್ಜ್ ಬಂದರೂ ಈ ಲೆಕ್ಕ ಸರಿದೂಗಿಸುತ್ತದೆ. ಆದರೆ ರೌಂಡಿನ ನಡುವೆ ಜಡ್ಜ್ ಬದಲಾದರೆ ಯಾವ ಲೆಕ್ಕವೂ ಕಾಪಾಡುವುದಿಲ್ಲ. ಒಮ್ಮೆ ಟಾಯ್ಲೆಟ್ಟಿಗೆ ಎದ್ದುಹೋದ ಜಡ್ಜ್ ಜಾಗದಲ್ಲಿ ನಾನೇ ಕೂತುಬಿಟ್ಟೆ. ಆ ಜಗಳ ಇನ್ನೂ ತಣ್ಣಗಾಗಿಲ್ಲ.

ಕಾಗದಪತ್ರದ ಕೆಲಸ ಜಾಸ್ತಿ ಇಲ್ಲ. ಅಮೆರಿಕದ ಮಾದರಿ ವಿಮಾನದವರ ಸಂಘವಾದ ಅಕ್ಯಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ನಿಂದ ಸ್ಯಾಂಕ್ಷನ್, ಅಂದರೆ ಅಧಿಕೃತ ಒಪ್ಪಿಗೆ ಬೇಕು. ಅರ್ಜಿ ಹಾಕಲು ನಿಮ್ಮಲ್ಲೊಬ್ಬರು ಕಂಟೆಸ್ಟ್ ಡೈರೆಕ್ಟರ್ ಆಗಿರಬೇಕು. ಇದಕ್ಕೊಂದು ಪರೀಕ್ಷೆ ಇದೆ, ಪುಸ್ತಕ ನೋಡಿಕೊಂಡೇ ಬರೆಯುವುದು. ಆದರೆ ಅರ್ಜಿಗೂ ಮುಂಚೆ ನಿಮ್ಮ ಮೈದಾನದಲ್ಲಿ 400 ಅಡಿಗಿಂತ ಮೇಲೆ ಹಾರಿಸಲು ಒಪ್ಪಿಗೆ ಇದೆಯೇ ಅಂತ ಕೇಳಿಕೊಳ್ಳಿ. ಎಫ್3ಎ ವಿಮಾನ ಪೈಲಟ್‌ನಿಂದ 150 ಮೀಟರ್ ದೂರದಲ್ಲಿ, 60 ಡಿಗ್ರಿ ಎತ್ತರದವರೆಗೆ ಹಾರುತ್ತದೆ. ಲೆಕ್ಕ ಹಾಕಿದರೆ 260 ಮೀಟರ್, ಸುಮಾರು 850 ಅಡಿ.

ಕರೆಂಟಿನ ಲೆಕ್ಕವೂ ಹೀಗೇ. ಎರಡು ಮೀಟರ್ ವಿಮಾನದ ಒಂದು ಜೊತೆ ಬ್ಯಾಟರಿ ಚಾರ್ಜ್ ಆಗುವಾಗ 200 ವಾಟ್ ಹತ್ತಿರ ಎಳೆಯುತ್ತದೆ. ರೌಂಡ್ ಮುಗಿದ ಕೂಡಲೇ ಹತ್ತು ಜನ ಒಟ್ಟಿಗೆ ಸಿಗಿಸಿದರೆ 2000 ವಾಟ್. ನಮ್ಮ ಜನರೇಟರ್ ಅಷ್ಟಕ್ಕೇ ಇತ್ತು. ಅದಕ್ಕೆ ಪುಣ್ಯಾತ್ಮರೊಬ್ಬರು ಕಾಫಿ ಕಾಯಿಸುವ ಪಾತ್ರೆಯನ್ನೂ ಸಿಗಿಸಿದರು. ಎಲ್ಲ ಢಮಾರ್. ಪುಣ್ಯಾತ್ಮರು ನನ್ನ ಹೆಂಡತಿ. ಆದರೆ ಅವಳ ಪುಳಿಯೋಗರೆ ಹನ್ನೆರಡೂವರೆಗೇ ಖಾಲಿಯಾಗಿ, ನಾನು ತರಿಸಿದ ಹಾಟ್ ಡಾಗ್ ಉಳಿದುಹೋಗಿದ್ದರಿಂದ ನನಗೆ ಮಾತಾಡುವ ಹಕ್ಕಿರಲಿಲ್ಲ.

ಟ್ರೋಫಿ ವಿಚಾರ: ನಾನು ಕೊಡುವುದು ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ.

ಪ್ರಶ್ನೆ: ನಮಸ್ಕಾರ ಸರ್. ನಾವು ಏಳು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಥರ್ಮಾಕೋಲು, ಫೋಮ್‌ಶೀಟಿನ ವಿಮಾನ ಮಾಡಿ ಹಾರಿಸುತ್ತೇವೆ. ನಮ್ಮ ಕಡೆ ಇಂಥ ಕಂಟೆಸ್ಟ್ ಸಾಧ್ಯವೇ?
*– ಓದುಗರೊಬ್ಬರು, ಧಾರವಾಡ*

ಉತ್ತರ: ಖಂಡಿತ ಸಾಧ್ಯ. ಇಲ್ಲಿಯವರಿಗಿಂತ ನಿಮಗೇ ಸುಲಭ, ನಿಮ್ಮ ವಿಮಾನ ಚಿಕ್ಕದು.

2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯ ಅಂತ ಇದೆ. ಅಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಲು ಮುಂಚಿತ ಅನುಮತಿ ಬೇಡ. ವಿಮಾನ ನಿಲ್ದಾಣದ ಬೇಲಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮಾತ್ರ. ಆದ್ದರಿಂದ ಹುಬ್ಬಳ್ಳಿ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ 12 ಕಿ.ಮೀ. ಆಚೆ ಜಾಗ ಹುಡುಕಿ, ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಅದರ ಬಣ್ಣ ನೋಡಿ. ಪೊಲೀಸ್ ಠಾಣೆಗೂ ಒಂದು ಪತ್ರ ಕೊಟ್ಟು, ಸೀಲು ಹಾಕಿಸಿದ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ.

150 ಮೀಟರ್ ದೂರದಲ್ಲಿ ಹಾರಿಸಿದರೆ 120 ಮೀಟರ್ ಎತ್ತರ ಸಾಲದು ಅಂತ ಮೇಲೆಯೇ ನೋಡಿದಿರಿ. ನೀವು 60 ಮೀಟರ್ ದೂರದಲ್ಲಿ ಹಾರಿಸಿ. ಆಗ 60 ಡಿಗ್ರಿಗೆ 104 ಮೀಟರ್ ಆಗುತ್ತದೆ. ನಿಯಮದೊಳಗೇ ಬಂತು. 60 ಮೀಟರಿಗೆ ಮೂರು ಬಿದಿರ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿ: ಒಂದು ಎದುರಿಗೆ, ಉಳಿದೆರಡು ಎಡಕ್ಕೆ ಬಲಕ್ಕೆ 60 ಡಿಗ್ರಿಯಲ್ಲಿ. ಅಷ್ಟೇ ನಿಮ್ಮ ಬಾಕ್ಸ್, ಆಟಗಳೆಲ್ಲ ಅದರೊಳಗೇ ಆಗಬೇಕು.

ಫೆಬ್ರುವರಿ ಕೊನೆಗೆ ಇಟ್ಟುಕೊಳ್ಳಿ. ಹಿಂಗಾರಿ ಜೋಳ ಕೊಯ್ದಿರುತ್ತಾರೆ. ನಿಂತ ಜೋಳದಲ್ಲಿ ವಿಮಾನ ಬಿದ್ದರೆ ಹುಡುಕಲು ಅರ್ಧ ಗಂಟೆ, ತುಳಿದ ಬೆಳೆಗೆ ರೈತರ ಹತ್ತಿರ ಬೈಸಿಕೊಳ್ಳಲು ಇನ್ನರ್ಧ ಗಂಟೆ. ಆಗ ಸೂರ್ಯ ದಕ್ಷಿಣಕ್ಕಿರುವುದರಿಂದ ಪೈಲಟ್‌ಗಳು ಉತ್ತರಕ್ಕೆ ಮುಖ ಮಾಡಿ ನಿಂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಎರೆ ಹೊಲದ ಬಿರುಕಿಗೆ ಚಕ್ರ ಸಿಕ್ಕಿಕೊಂಡು ಮೂಗು ಮುರಿಯುತ್ತದೆ, ಒಂದು ಪಟ್ಟಿಗಾದರೂ ರೋಲರ್ ಹೊಡೆಸಿ. ಇಲ್ಲದಿದ್ದರೆ ಚಕ್ರ ಕಿತ್ತು, ಕೈಯಿಂದ ಎಸೆದು, ಹೊಟ್ಟೆ ಮೇಲೆ ಇಳಿಸಿ.

ಆರು ಆಟ ಸಾಕು: ಲೂಪ್, ರೋಲ್, ಸ್ಟಾಲ್ ಟರ್ನ್ (ನೆಟ್ಟಗೆ ಮೇಲೇರಿ, ತಿರುಗಿ ಇಳಿಯುವುದು), ಇಮ್ಮೆಲ್ಮನ್ (ಅರ್ಧ ಲೂಪ್, ಮೇಲೆ ಅರ್ಧ ರೋಲ್), ಕ್ಯೂಬನ್ ಎಯ್ಟ್ (ಮಲಗಿದ 8), ತಲೆಕೆಳಗಾಗಿ ನೇರ ಹಾರಾಟ. ಜಡ್ಜ್‌ಗಳಿಗೆ ಹಿಂದಿನ ಸಂಜೆ ಪಾಠ ಮಾಡಿ. ಎಲ್ಲ ಆಟಕ್ಕೂ 10ರಿಂದ ಶುರು, ತಪ್ಪಿಗೆ ಕಳೆಯುತ್ತಾ ಬರುವುದು. 15 ಡಿಗ್ರಿ ವಾಲಿದರೆ ಒಂದು ಅಂಕ ಹೋಯಿತು. 15 ಡಿಗ್ರಿ ಅಂದರೆ ಗಡಿಯಾರದ ಗಂಟೆ ಮುಳ್ಳು ಅರ್ಧ ಗಂಟೆಯಲ್ಲಿ ಸರಿಯುವಷ್ಟು. ಕೈಯಲ್ಲಿ ಪುಟ್ಟ ವಿಮಾನ ಹಿಡಿದು ವಾಲಿಸಿ ತೋರಿಸಿದರೆ ಹತ್ತು ನಿಮಿಷದಲ್ಲಿ ಕಣ್ಣು ಪಳಗುತ್ತದೆ. ಏಳು ಜನಕ್ಕೆ ಇಬ್ಬರು ಜಡ್ಜ್ ಎಲ್ಲಿಂದ ಅಂತೀರಾ? ವಿಮಾನ ಹಾರಿಸದ ಗೆಳೆಯರನ್ನು ಕೂರಿಸಿ. ಅವರಿಗೆ ಯಾವ ಪೈಲಟ್ ದೊಡ್ಡವನು ಅಂತ ಗೊತ್ತಿರುವುದಿಲ್ಲ, ನೋಡಿದ್ದಕ್ಕಷ್ಟೇ ಅಂಕ ಕೊಡುತ್ತಾರೆ.

ಪ್ರಶ್ನೆ: ಅಂಕಲ್, ಅಪ್ಪ ಪ್ರತಿ ಕಂಟೆಸ್ಟಿಗೂ ನನ್ನನ್ನು ಕರ್ಕೊಂಡು ಹೋಗ್ತಾರೆ. ನನಗೆ 12 ವರ್ಷ. ಅಲ್ಲಿ ನನಗೆ ಮಾಡಲು ಏನೂ ಇರಲ್ಲ, ಬೋರ್. ಏನಾದರೂ ಕೆಲಸ ಕೊಡ್ತೀರಾ?
*– ನ್ಯೂಜೆರ್ಸಿಯ ಹುಡುಗಿ*

ಉತ್ತರ: ಕೊಡುತ್ತೇನೆ ಪುಟ್ಟಿ. ಜಡ್ಜ್ ಪಕ್ಕ ಕೂತು ಅಂಕ ಬರೆಯುವ ಕೆಲಸ. ಜಡ್ಜ್ ಆಕಾಶದಿಂದ ಕಣ್ಣು ತೆಗೆಯಬಾರದು. ಅವರು ಬಾಯಲ್ಲಿ ಹೇಳುತ್ತಾರೆ, ನೀನು ಬರೆಯುತ್ತೀಯ. ಸುಲಭ ಅನ್ನಿಸುತ್ತೆ ಅಲ್ವಾ? ಎರಡು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಪೈಲಟ್ ಗಡಿಬಿಡಿಯಲ್ಲಿ ಐದನೇ ಆಟ ಬಿಟ್ಟು ಆರನೆಯದಕ್ಕೆ ಹಾರಿದರು. ಇಬ್ಬರೂ ಜಡ್ಜ್ ಗಮನಿಸಲಿಲ್ಲ, ಅಂಕ ಹೇಳುತ್ತಲೇ ಹೋದರು. ಶೀಟ್ ಹಿಡಿದಿದ್ದ ನಿನ್ನ ವಯಸ್ಸಿನ ಹುಡುಗಿ "ಇದು ಈ ಸಾಲಿನ ಚಿತ್ರದ ಥರ ಇಲ್ಲ" ಅಂದಳು. ಅವಳು ಹೇಳದಿದ್ದರೆ ಅಲ್ಲಿಂದ ಮುಂದಿನ ಎಲ್ಲ ಅಂಕಗಳೂ ಒಂದೊಂದು ಸಾಲು ಮೇಲೆ ಕೂರುತ್ತಿದ್ದವು. ಐದನೆಯದಕ್ಕೆ ಸೊನ್ನೆ ಬಿತ್ತು. ಆ ಪೈಲಟ್ ನಾನೇ.

ಅಪ್ಪನ ಹತ್ತಿರ ಆಟಗಳ ಚಿತ್ರದ ಹಾಳೆ ಇಸ್ಕೊಂಡು ಒಂದು ವಾರ ನೋಡು. ಬರುವಾಗ ಪೆನ್ಸಿಲ್ ಬೇಡ, ಪೆನ್ ತಾ. ದಪ್ಪ ಕ್ಲಿಪ್ಪೂ ಎರಡು ಇರಲಿ, ಮಧ್ಯಾಹ್ನದ ಗಾಳಿಗೆ ಶೀಟ್ ಹಾರಿಹೋಗುತ್ತದೆ.