ಗೃಹಲಕ್ಷ್ಮಿ ಹಣ ಬಂದಾಗ ಫೀಸ್ ಕೊಡುತ್ತೇವೆ ಎನ್ನುವವರ ಮಕ್ಕಳನ್ನು ಮನೆಯ ಡೇಕೇರ್‌ಗೆ ಸೇರಿಸಿಕೊಳ್ಳಬಹುದಾ?

ನೀವು ಕೋಲಾರದಲ್ಲಿ ಮನೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೀರಿ. ಈಗ ಮೂರು ಮನೆಯವರು ಬಂದು, 'ಗೃಹಲಕ್ಷ್ಮಿ ದುಡ್ಡು ಬಿದ್ದ ತಕ್ಷಣ ಕೊಡ್ತೀವಿ, ಮಗುನ ಸೇರಿಸಿಕೊಳ್ಳಿ' ಅಂತ ಕೇಳಿದ್ದಾರೆ. ಸೇರಿಸಿಕೊಂಡರೆ ಕೈಯಿಂದ ಹಾಕಬೇಕಾಗುತ್ತದಾ, ಈಗಿರುವ ಪೋಷಕರು ಏನಂತಾರೆ ಎಂಬುದು ನಿಮ್ಮ ಚಿಂತೆ.

ಸೇರಿಸಿಕೊಳ್ಳಿ. ಆದರೆ ಮೂವರನ್ನೂ ಒಟ್ಟಿಗೆ ಬೇಡ. ನಿಮ್ಮ ಫೀಸನ್ನು ಗೃಹಲಕ್ಷ್ಮಿ ಹಣಕ್ಕೆ ಗಂಟು ಹಾಕಲೂ ಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಅದರಿಂದ ಪೆಟ್ಟು ಬಿದ್ದದ್ದು ನನಗಿಂತ ಜಾಸ್ತಿ ಒಂದು ಮಗುವಿಗೆ.

ನಾನು ತುಮಕೂರಿನವಳು. ಶಿರಾ ಗೇಟ್ ಹತ್ತಿರ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಎಂಟು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆವರೆಗೆ. ಮೊದಲೆಲ್ಲ ಬರುತ್ತಿದ್ದದ್ದು ಟೀಚರ್, ನರ್ಸ್, ಬ್ಯಾಂಕಿನವರ ಮಕ್ಕಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಆಮೇಲೆ ನಮ್ಮ ಬೀದಿಯಲ್ಲೇ ನಾಲ್ಕೈದು ಹೆಂಗಸರು ಹೊಸದಾಗಿ ಕೆಲಸಕ್ಕೆ ಹೊರಟರು. ಬಸ್ ಚಾರ್ಜ್ ಉಳಿಯುತ್ತದೆ ಎಂದಾದ ಮೇಲೆ ದೂರದ ಗಾರ್ಮೆಂಟ್ಸ್ ಕೆಲಸವೂ ಗಿಟ್ಟುತ್ತದೆ ಅನ್ನಿಸಿತು ಅವರಿಗೆ. ಅದೇ ವರ್ಷ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿಯೂ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ. 'ಅಕ್ಕ, ಆ ಎರಡು ಸಾವಿರ ಬಂದ ಹಾಗೇ ನಿಮಗೇ ಕೊಟ್ಟುಬಿಡ್ತೀನಿ' ಅಂತ ಮೂವರು ತಾಯಂದಿರು ಬಂದರು. ನನ್ನ ಪೂರ್ತಿ ಫೀಸ್ 3,000. ಅವರಿಗೆ 2,000 ಮಾಡಿ ಒಪ್ಪಿಕೊಂಡೆ. ಲೆಕ್ಕ ಸರಿಯಾಗಿ ಕೂತಿತು ಅಂದುಕೊಂಡೆ.

ಒಂದು ಮಾತು ಮಾತ್ರ ಕೇಳಿರಲಿಲ್ಲ. ಆ ದುಡ್ಡು ಬೀಳುವುದು ಯಾರ ಖಾತೆಗೆ?

ಗೃಹಲಕ್ಷ್ಮಿ ಹಣ ಬರುವುದು ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಎಂದಿರುವವರಿಗೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಕಾರ್ಡಿನಲ್ಲಿ ಯಜಮಾನಿ ಅಂದರೆ ಮನೆಯ ಹಿರಿಯ ಹೆಂಗಸು. ಅಂದರೆ ಕೂಡಿರುವ ಮನೆಗಳಲ್ಲಿ ಸಾಮಾನ್ಯವಾಗಿ ಅತ್ತೆ. ನನ್ನ ಹತ್ತಿರ ಮಾತು ಕೊಟ್ಟವಳು ಸೊಸೆ, ದುಡ್ಡು ಅತ್ತೆಯದು. ಸೊಸೆ ಸುಳ್ಳು ಹೇಳಿರಲಿಲ್ಲ. ಮನೆಗೆ ಬರುವ ದುಡ್ಡು ಮನೆಯ ಮಗುವಿಗೇ ಅಲ್ವಾ ಅಂತ ಅವಳು ನಿಜವಾಗಿಯೂ ನಂಬಿದ್ದಳು.

ಇನ್ನೊಂದು ವಿಷಯ ನಿಮಗೂ ಗೊತ್ತೇ ಇದೆ. ಆ ಹಣ ಸಂಬಳದ ಹಾಗೆ ಇಂಥ ತಾರೀಖಿಗೇ ಅಂತ ಬರುವುದಿಲ್ಲ. ಒಂದೊಂದು ಸಲ ತಡವಾಗಿ ಎರಡು ಕಂತು ಒಟ್ಟಿಗೆ ಬೀಳುತ್ತದೆ. ಆಧಾರ್ ಜೋಡಣೆಯೋ ಇ-ಕೆವೈಸಿಯೋ ಸರಿ ಇಲ್ಲದಿದ್ದರೆ ನಿಂತೇಹೋಗುತ್ತದೆ. ನಮ್ಮ ಹಾಲಿನವನು, ಗ್ಯಾಸಿನವನು ಹಾಗೆ ಕಾಯುವುದಿಲ್ಲ.

ಆ ಮೂವರಲ್ಲಿ ಒಬ್ಬಳು ಬಿ.ಎಚ್. ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಮಗಳಿಗೆ ಎರಡೂವರೆ ವರ್ಷ. ಎರಡು ತಿಂಗಳು ಫೀಸ್ ಬರಲಿಲ್ಲ. ಒಂದು ಸಂಜೆ ಗೇಟಿನಲ್ಲಿ ನಾನು ಕೇಳಿಬಿಟ್ಟೆ: 'ಏನಮ್ಮ, ಗೃಹಲಕ್ಷ್ಮಿ ಇನ್ನೂ ಬಂದಿಲ್ವಾ?' ಅಲ್ಲಿ ಬೇರೆ ಇಬ್ಬರು ತಾಯಂದಿರು ನಿಂತಿದ್ದರು. ಅವಳು ಏನೂ ಮಾತಾಡಲಿಲ್ಲ, ಮಗುವಿಗೆ ಚಪ್ಪಲಿ ಹಾಕಿಸಿ ಕರೆದುಕೊಂಡು ಹೋದಳು. ಮಾರನೇ ದಿನ ಮಗು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ಮೂರನೇ ದಿನ ಮಧ್ಯಾಹ್ನ ಅವಳ ಅತ್ತೆ ಬಂದರು. ಜಗಲಿಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಪಾಸ್‌ಬುಕ್ ತೆಗೆದು ನನ್ನ ಕೈಗಿಟ್ಟರು. 'ನೋಡವ್ವ, ನಿಂಗ್ ಓದಕ್ ಬರ್ತದೆ. ನಾನೇನೂ ಮುಚ್ಚಿಟ್ಟಿಲ್ಲ. ಬಂದೈತೆ, ಸಂಘದ ಕಂತಿಗೆ ಹೋಗೈತೆ.' ಪಾಸ್‌ಬುಕ್ಕಿನಲ್ಲಿ 2,000 ಜಮಾ ಆಗಿತ್ತು. ಅದರ ಕೆಳಗಿನ ಸಾಲಿನಲ್ಲೇ, ಅದೇ ತಾರೀಖಿಗೆ, 2,000 ತೆಗೆದದ್ದು. ಮಗನ ಆಟೋ ರಿಪೇರಿಗೆ ಸಂಘದಲ್ಲಿ ಸಾಲ ತೆಗೆದಿದ್ದರಂತೆ. ನನಗೆ ಪಾಸ್‌ಬುಕ್ ಹಿಡಿದುಕೊಂಡು ಕೂರಲು ಆಗಲಿಲ್ಲ. ಅದು ಅವರ ದುಡ್ಡು. ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ದುಡ್ಡು. ಅದನ್ನು ನಾನು ನನ್ನ ಡೈರಿಯಲ್ಲಿ 'ಬರಬೇಕಾದ್ದು' ಅಂತ ಬರೆದುಕೊಂಡು ಕೂತಿದ್ದೆ.

ಮಗು ಎಲ್ಲಿ ಅಂತ ಕೇಳಿದೆ. ಪಕ್ಕದ ಮನೆಯ ಹುಡುಗಿ ನೋಡಿಕೊಳ್ಳುತ್ತಾಳೆ ಅಂದರು. ಸಂಜೆ ಹೋಗಿ ನೋಡಿದೆ. ಆ ಹುಡುಗಿಗೆ ಹತ್ತು ವರ್ಷ. ಮೂರು ದಿನದಿಂದ ಸ್ಕೂಲಿಗೆ ಹೋಗಿರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡೇ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ನಾನು ಗೇಟಿನಲ್ಲಿ ಆಡಿದ ಒಂದು ಮಾತಿಗೆ ಆದದ್ದು ಇದು. ಅವತ್ತೇ ಆ ತಾಯಿಯ ಹತ್ತಿರ ತಪ್ಪಾಯಿತು ಅಂದೆ. ಹಳೇ ಬಾಕಿ ಬಿಟ್ಟೆ, ಮಗುವನ್ನು ಕಳಿಸು ಅಂದೆ.

ಆಮೇಲೆ ಫೀಸ್ ತೆಗೆದುಕೊಳ್ಳುವ ಪದ್ಧತಿಯನ್ನೇ ಬದಲಾಯಿಸಿದೆ. ಅದನ್ನು ಆ ಅಜ್ಜಿಯಿಂದಲೇ ಕಲಿತೆ. ಸಂಘದ ಕಂತನ್ನು ಅವರು ಒಂದು ವಾರವೂ ತಪ್ಪಿಸಿರಲಿಲ್ಲ. ಯಾಕೆ? ಅದು ವಾರದ ಕಂತು. ಸಣ್ಣ ಮೊತ್ತ, ಗೊತ್ತಿರುವ ದಿನ. ತಿಂಗಳಿಗೆ 2,000 ಅಂದರೆ ಬೆಟ್ಟದ ಹಾಗೆ ಕಾಣುತ್ತದೆ, ವಾರಕ್ಕೆ 500 ಅಂದರೆ ಹೊಂದಿಸಬಹುದು ಅನ್ನಿಸುತ್ತದೆ. ಈಗ ಕಡಿಮೆ ಫೀಸಿನ ಮಕ್ಕಳ ಮನೆಯಿಂದ ಪ್ರತಿ ಶನಿವಾರ ಸಂಜೆ 500 ತೆಗೆದುಕೊಳ್ಳುತ್ತೇನೆ. ತಾಯಿಯ ಸಂಬಳದಿಂದ, ಅಪ್ಪನ ಕೂಲಿಯಿಂದ. ಗೃಹಲಕ್ಷ್ಮಿಯ ಹೆಸರೇ ಎತ್ತುವುದಿಲ್ಲ. ಬಂದಾಗ ಅವರಾಗಿಯೇ ಎರಡು ವಾರದ್ದು ಮುಂಗಡ ಕೊಟ್ಟರೆ ಬರೆದುಕೊಳ್ಳುತ್ತೇನೆ, ಅಷ್ಟೇ. ಒಂದು ವಾರ ತಪ್ಪಿದರೆ ಸೋಮವಾರ ನಾನೇ ಫೋನ್ ಮಾಡುತ್ತೇನೆ. ಗೇಟಿನಲ್ಲಿ ಕೇಳುವುದಿಲ್ಲ. ಎರಡು ವಾರಕ್ಕಿಂತ ಬಾಕಿ ಬೆಳೆಯಲು ಬಿಡುವುದಿಲ್ಲ. ಬಾಕಿ ಬೆಳೆದ ಹಾಗೆಲ್ಲ ತಾಯಿಗೆ ನಾಚಿಕೆ ಬೆಳೆಯುತ್ತದೆ. ಕೊನೆಗೆ ಅವಳು ಮಗುವನ್ನೇ ನಿಲ್ಲಿಸುತ್ತಾಳೆ.

ಇನ್ನು ಎಷ್ಟು ಮಕ್ಕಳು ಅನ್ನುವ ಲೆಕ್ಕ. ಇದನ್ನು ಪೇಪರಿನ ಮೇಲೆ ಮಾಡಿ, ಮನಸ್ಸಿನಲ್ಲಿ ಬೇಡ. ಮನಸ್ಸು ಮಗುವಿನ ಮುಖ ನೋಡಿ 'ಆಗುತ್ತೆ ಬಿಡು' ಅನ್ನುತ್ತದೆ. ನನ್ನದನ್ನೇ ಹೇಳುತ್ತೇನೆ. ಸಹಾಯಕ್ಕೆ ಬರುವ ಹೆಂಗಸಿಗೆ 6,000. ಹಾಲು, ಹಣ್ಣು, ಅಕ್ಕಿ, ರಾಗಿ, ತರಕಾರಿಗೆ 5,500. ಗ್ಯಾಸ್, ಕರೆಂಟು, ಸೋಪು, ಫಿನಾಯಿಲ್‌ಗೆ 1,500. ಒಟ್ಟು 13,000. ಎಂಟು ಮಕ್ಕಳೂ ಪೂರ್ತಿ ಕೊಟ್ಟರೆ 24,000 ಬರುತ್ತದೆ, 11,000 ನನ್ನ ದುಡಿಮೆ. ಇಬ್ಬರ ದುಡ್ಡು ಒಂದು ತಿಂಗಳು ಬರಲೇ ಇಲ್ಲ ಅನ್ನಿ, ಆಗಲೂ ನನ್ನ ಕೈಯಲ್ಲಿ 5,000 ಉಳಿಯುತ್ತದೆ. ನಾಲ್ವರದ್ದು ನಿಂತರೆ ಬರುವುದು 12,000. ಸಾವಿರ ರೂಪಾಯಿ ನಾನೇ ಕೈಯಿಂದ ಹಾಕಬೇಕು, ಹತ್ತು ಗಂಟೆ ಮಕ್ಕಳ ಹಿಂದೆ ಓಡಿದ್ದೂ ಪುಕ್ಕಟೆ. ಅದಕ್ಕೇ ನನ್ನ ಮಿತಿ ಎರಡು. ಎಂಟರಲ್ಲಿ ಎರಡೇ ಮಕ್ಕಳು ಕಡಿಮೆ ಫೀಸಿನವರು. ನಿಮ್ಮ ಹತ್ತಿರ ಆರು ಮಕ್ಕಳಿದ್ದಾರೆ, ಒಬ್ಬರಿಂದ ಶುರು ಮಾಡಿ.

ಕೆಲವರು ಹೇಳಿಕೊಡುತ್ತಾರೆ, 'ಅವರ ಎಟಿಎಂ ಕಾರ್ಡ್ ಇಟ್ಟುಕೊಳ್ಳಿ, ದುಡ್ಡು ಬಂದ ದಿನ ನೀವೇ ತೆಗೆದುಕೊಳ್ಳಿ' ಅಂತ. ದಯವಿಟ್ಟು ಆ ಕೆಲಸ ಮಾಡಬೇಡಿ. ಕಾರ್ಡೂ ಬೇಡ, ಪಿನ್ನೂ ಬೇಡ, ಪಾಸ್‌ಬುಕ್ಕೂ ಬೇಡ, ಆಧಾರ್ ಒಟಿಪಿಯೂ ಬೇಡ. ಅವರೇ ತಂದುಕೊಟ್ಟರೂ ವಾಪಸ್ ಕೊಡಿ. ನೀವು ನೋಡಿಕೊಳ್ಳಬೇಕಾದ್ದು ಮಗುವನ್ನು. ಅವರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಡಿಬಿಟಿ ಕರ್ನಾಟಕ ಆ್ಯಪನ್ನು ಅವರ ಫೋನಿನಲ್ಲೇ ಹಾಕಿಕೊಡಿ, ಹಣ ಜಮಾ ಆಗಿದೆಯೋ ಇಲ್ಲವೋ ಅವರೇ ನೋಡಿಕೊಳ್ಳುತ್ತಾರೆ. ಹಣ ನಿಂತುಹೋಗಿದ್ದರೆ ಕರ್ನಾಟಕ ಒನ್‌ಗೋ, ಹಳ್ಳಿಯವರಾದರೆ ಗ್ರಾಮ ಒನ್‌ಗೋ ಹೋಗಿ ವಿಚಾರಿಸಲು ಹೇಳಿ.

ಫೀಸ್ ಇಳಿಸುವ ಮೊದಲು ಆ ಮನೆಗೆ ಬೇರೇನು ಸಿಗಬಹುದು ಅಂತಲೂ ಕೇಳಿ. ಮಗುವಿಗೆ ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಇದೆ. ಬೆಳಿಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ, ಹಾಲು, ಮೊಟ್ಟೆ, ಊಟ ಎಲ್ಲ ಉಚಿತ. ತಾಯಂದಿರ ಕಷ್ಟ ಇರುವುದು ನಾಲ್ಕು ಗಂಟೆಯ ಮೇಲೆ. ಗಾರ್ಮೆಂಟ್ಸ್ ಬಿಟ್ಟು ಬಸ್ ಹತ್ತಿ ಮನೆಗೆ ಬರುವಷ್ಟರಲ್ಲಿ ಆರೂವರೆ. ಆ ಎರಡೂವರೆ ಗಂಟೆಯನ್ನು ನೀವು ಹಿಡಿದುಕೊಳ್ಳಿ. ಮಗುವನ್ನು ಅಂಗನವಾಡಿಯಿಂದ ಕರೆದುಕೊಂಡು ಬಂದು ಸಂಜೆ ನೋಡಿಕೊಳ್ಳಲು ನಾನು 1,000 ತೆಗೆದುಕೊಳ್ಳುತ್ತೇನೆ, ವಾರಕ್ಕೆ 250. ಅವರಿಗೂ ಹಗುರ, ನನಗೂ ಹಗುರ. ಅಂಗನವಾಡಿ ಟೀಚರಿಗೆ ಮೊದಲೇ ಹೇಳಿ, ಕರೆದುಕೊಂಡು ಹೋಗುವವರು ನೀವು ಅಂತ ತಾಯಿಯ ಕೈಯಲ್ಲಿ ಬರೆಸಿಕೊಡಿ.

ತಾಯಿ ಗಾರ್ಮೆಂಟ್ಸಿನಲ್ಲಿದ್ದರೆ ಅಲ್ಲಿ ಶಿಶುಪಾಲನಾ ಕೊಠಡಿ ಇದೆಯಾ ಕೇಳಿ. ಮೂವತ್ತಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅದು ಇರಲೇಬೇಕು ಅಂತ 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಇದ್ದರೂ, ತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಹೋಗುವುದು ಹೇಗೆ ಅಂತ ಬಿಟ್ಟುಬರುವವರೇ ನಮ್ಮ ಬೀದಿಯಲ್ಲಿ ಜಾಸ್ತಿ. ಕಟ್ಟಡ ಕೆಲಸದ ತಾಯಿಯಾಗಿದ್ದು ಲೇಬರ್ ಕಾರ್ಡ್ ಇದ್ದರೆ ಕಾರ್ಮಿಕ ಮಂಡಳಿಯ 'ತಾಯಿ ಮಗು ಸಹಾಯ ಹಸ್ತ' ಇದೆ, ವರ್ಷಕ್ಕೆ 6,000, ಮಗುವಿಗೆ ಮೂರು ವರ್ಷ ಆಗುವವರೆಗೆ. ಅದನ್ನೂ ನಿಮ್ಮ ಫೀಸ್ ಲೆಕ್ಕಕ್ಕೆ ಸೇರಿಸಬೇಡಿ. ಅರ್ಜಿ ಹಾಕಿದ್ದಾರಾ ಅಂತ ಒಂದು ಮಾತು ಕೇಳಿ, ಸಾಕು. ಹಳ್ಳಿ ಕಡೆಯವರಾದರೆ ಪಂಚಾಯಿತಿಯವರು ಮಕ್ಕಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ಹತ್ತಿರದಲ್ಲಿ ಇದೆಯಾ ನೋಡಲಿ, ಅದು ಇರುವುದೇ ಮೂರು ವರ್ಷದೊಳಗಿನ ಮಕ್ಕಳಿಗೆ.

ಈಗಿರುವ ಪೋಷಕರ ವಿಷಯ. ಏನೂ ಅನ್ನುವುದಿಲ್ಲ ಅಂತ ನಾನು ಹೇಳಲಾರೆ. ನನ್ನ ಹತ್ತಿರ ಒಬ್ಬರು ನೇರವಾಗಿಯೇ ಹೇಳಿದರು: 'ಆ ಮಕ್ಕಳ ಬಾಯಲ್ಲಿ ಬೈಗುಳ ಬರುತ್ತೆ ಮೇಡಂ, ನಮ್ಮವನು ಕಲೀತಾನೆ.' ಮಕ್ಕಳು ಎಲ್ಲರ ಮನೆಯಿಂದಲೂ ಏನಾದರೂ ತರುತ್ತಾರೆ, ತಿದ್ದುವುದು ನನ್ನ ಕೆಲಸ, ಮಕ್ಕಳನ್ನು ಬೇರೆ ಬೇರೆ ಕೂರಿಸುವುದಿಲ್ಲ ಅಂದೆ. ಅವರು ಆ ತಿಂಗಳೇ ಬಿಟ್ಟರು. ಎರಡು ತಿಂಗಳು ಆ ಜಾಗ ಖಾಲಿ ಇತ್ತು. ಕಷ್ಟವೇ ಆಯಿತು. ಆಮೇಲೆ ಜಿಲ್ಲಾಸ್ಪತ್ರೆಯ ನರ್ಸ್ ಒಬ್ಬರ ಮಗ ಸೇರಿದ. ಉಳಿದವರು ಯಾರೂ ಚಕಾರ ಎತ್ತಲಿಲ್ಲ.

ಆದರೆ ಯಾರ ಫೀಸ್ ಎಷ್ಟು ಅನ್ನುವುದು ನಿಮ್ಮ ಡೈರಿ ಬಿಟ್ಟು ಹೊರಗೆ ಹೋಗಬಾರದು. ಸಹಾಯದವರಿಗೂ ಹೇಳಬೇಡಿ. ಮಕ್ಕಳಿಗೆ ಗೊತ್ತಾಗುವುದು ಇನ್ನೊಂದು ದಾರಿಯಲ್ಲಿ, ಡಬ್ಬಿಯಿಂದ. ಮೊದಲು ನಾನು ಊಟ ಮನೆಯಿಂದಲೇ ತರಿಸುತ್ತಿದ್ದೆ. ಒಂದು ಡಬ್ಬಿಯಲ್ಲಿ ತುಪ್ಪದ ದೋಸೆ, ಹೆಚ್ಚಿದ ಸೇಬು. ಇನ್ನೊಂದರಲ್ಲಿ ಬೆಳಿಗ್ಗೆಯ ಚಿತ್ರಾನ್ನ, ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. ಆ ಎರಡೂವರೆ ವರ್ಷದವಳು ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಒಂದು ಕೈಯಿಂದ ಅರ್ಧ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ತಿನ್ನುತ್ತಿದ್ದಳು. ಅಷ್ಟು ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಅವತ್ತಿನಿಂದ ಡಬ್ಬಿ ನಿಲ್ಲಿಸಿದೆ. ಹನ್ನೊಂದು ಗಂಟೆಗೆ ರಾಗಿ ಗಂಜಿ, ಒಂದು ಗಂಟೆಗೆ ಅನ್ನ ಸಾರು ಪಲ್ಯ, ನಾಲ್ಕಕ್ಕೆ ಬಾಳೆಹಣ್ಣು ಹಾಲು. ಎಲ್ಲರಿಗೂ ಒಂದೇ ಥರದ ಸ್ಟೀಲ್ ತಟ್ಟೆ. ಖರ್ಚು ಜಾಸ್ತಿಯಾಯಿತು, ನಿಜ. ಮೇಲೆ ಬರೆದ 5,500ರಲ್ಲಿ ಹೆಚ್ಚಿನ ಪಾಲು ಇದೇ.

ಅವಳಿಗೆ ಮೂರು ತುಂಬಿದ ಮೇಲೆ ಅಂಗನವಾಡಿಗೆ ಹಾಕಿದರು. ಸಂಜೆ ನಾಲ್ಕಕ್ಕೆ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಶನಿವಾರದ ದುಡ್ಡು ತಂದುಕೊಡುತ್ತಿದ್ದದ್ದು ಅವಳ ಅಜ್ಜಿ. 'ಸಂಘಕ್ಕೆ ಶುಕ್ರವಾರ, ನಿಂಗೆ ಶನಿವಾರ' ಅಂದುಕೊಂಡೇ ಸೆರಗಿನ ಗಂಟು ಬಿಚ್ಚುತ್ತಿದ್ದರು.

ನಿಮ್ಮ ಹತ್ತಿರ ಬಂದಿರುವ ಮೂರು ಮನೆಗಳಲ್ಲಿ ಮೊದಲು ಯಾರನ್ನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಸಲ ಮೂವರ ಮನೆಗೂ ಹೋಗಿಬನ್ನಿ. ಸ್ಕೂಲ್ ನಡೆಯುವ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಯಾರ ಮನೆಯಲ್ಲಿ ಆ ಮಗುವನ್ನು ಸ್ಕೂಲಿಗೆ ಹೋಗಬೇಕಾದ ಹುಡುಗಿಯೊಬ್ಬಳು ಎತ್ತಿಕೊಂಡಿರುತ್ತಾಳೋ, ಆ ಮಗುವನ್ನು ಮೊದಲು ತೆಗೆದುಕೊಳ್ಳಿ.