ಓದು ಮುಗಿದ ಮೇಲೆ ಕೆಲಸ, ಅಪ್ರೆಂಟಿಸ್‌ಶಿಪ್ ಎಲ್ಲಿ ಹುಡುಕಬೇಕು?

ಓದು ಈಗಷ್ಟೇ ಮುಗಿದಿದೆ, ಜಾಬ್ ಸೈಟ್‌ಗಳಲ್ಲಿ ದಿನಾ ಅರ್ಜಿ ಹಾಕಿದರೂ ಯಾರೂ ಉತ್ತರ ಕೊಡಲ್ಲ, ಬೇರೆ ಎಲ್ಲಿ ಹುಡುಕಲಿ ಅಂತ ಕೇಳಿದ್ದೀರಿ. ಬಂದ ಅರ್ಜಿಗಳನ್ನು ನೋಡಿ ಯಾರನ್ನು ಕರೆಯಬೇಕು ಅಂತ ಆರಿಸುವುದು ನನ್ನ ಕೆಲಸದ ಒಂದು ಭಾಗ, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಲಿಂಕ್ಡ್‌ಇನ್, ಇಂಡೀಡ್ ಬಿಡಬೇಡಿ. ಆದರೆ ಒಂದು ಬಟನ್ ಒತ್ತಿದರೆ ಅರ್ಜಿ ಹೋಗುತ್ತದೆ ಅನ್ನುವುದು ನಿಮಗೆ ಸುಲಭ ಆದಷ್ಟೇ ಎಲ್ಲರಿಗೂ ಸುಲಭ, ಅಲ್ವಾ? ಅರ್ಜಿಗಳು ರಾಶಿ ಬೀಳುತ್ತವೆ, ಅರ್ಧ ನೋಡುವಷ್ಟರಲ್ಲೇ ಕರೆಯಬೇಕಾದಷ್ಟು ಜನ ಸಿಕ್ಕಿಬಿಟ್ಟಿರುತ್ತಾರೆ. ಆ ಸೈಟ್‌ಗಳನ್ನು ಕೆಲಸ ಎಲ್ಲಿದೆ ಅಂತ ತಿಳಿಯೋಕೆ ಬಳಸಿ, ಅಲರ್ಟ್ ಹಾಕಿಟ್ಟುಕೊಳ್ಳಿ. ಟ್ರೈನಿ, ಜೂನಿಯರ್, ಅಸಿಸ್ಟೆಂಟ್ ಅಂತ ಒಂದೇ ಕೆಲಸಕ್ಕೆ ಹತ್ತು ಹೆಸರು ಇರುತ್ತವೆ, ಎಲ್ಲ ಹಾಕಿ ಹುಡುಕಿ. ಅರ್ಜಿ ಹಾಕುವ ಮುಂಚೆ ಆ ಕಂಪನಿಯದೇ ವೆಬ್‌ಸೈಟ್‌ನಲ್ಲಿ ಕರಿಯರ್ಸ್ ಪುಟ ತೆರೆದು ನೋಡಿ. ಅಲ್ಲೂ ಇದ್ದರೆ ಅಲ್ಲೇ ಹಾಕಿ. ಅಲ್ಲಿ ಇಲ್ಲ ಅಂದರೆ ಜಾಹೀರಾತು ಹಳೆಯದಿರಬಹುದು, ಸುಳ್ಳೂ ಇರಬಹುದು.

ಇನ್ನೊಂದು ದಾರಿ ಜನ. ಸಣ್ಣ ಕಂಪನಿಗಳು, ವರ್ಕ್‌ಶಾಪ್‌ಗಳು ಎಷ್ಟೋ ಸಲ ಜಾಹೀರಾತೇ ಕೊಡುವುದಿಲ್ಲ, ಗೊತ್ತಿದ್ದವರನ್ನು ಕೇಳಿ ಯಾರನ್ನೋ ಸೇರಿಸಿಕೊಳ್ಳುತ್ತಾರೆ. ‘ನನಗೆ ಯಾರೂ ಪರಿಚಯ ಇಲ್ಲ’ ಅನ್ನಬೇಡಿ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದರು, ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟದ್ದು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು ಅಂತ. 2022ರಲ್ಲಿ ಸುಮಾರು 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಮ್ಮಿ ಅದನ್ನೇ ಹೇಳಿತು. ನಿಮ್ಮ ಗೆಳೆಯರಿಗೆ ಗೊತ್ತಿರುವ ಕೆಲಸ ನಿಮಗೂ ಗೊತ್ತಿರುತ್ತದೆ, ಮೂರು ವರ್ಷದ ಹಿಂದೆ ಪಾಸಾದ ಸೀನಿಯರ್‌ಗೆ ಗೊತ್ತಿರುವುದು ಬೇರೆ. ಅವರಿಗೆ ಮೆಸೇಜ್ ಮಾಡಿ. ಸುಮ್ನೆ ‘ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಅಂದರೆ ಯಾರೂ ಏನೂ ಮಾಡೋಕಾಗಲ್ಲ. ‘ವೆಲ್ಡಿಂಗ್ ಕಲಿತಿದ್ದೇನೆ, ನಿಮ್ಮಲ್ಲಿ ಹೊಸಬರನ್ನು ತೆಗೆದುಕೊಳ್ಳುವುದನ್ನು ಯಾರು ನೋಡಿಕೊಳ್ಳುತ್ತಾರೆ?’ ಅಂತ ಕೇಳಿ. ಒಂದು ಹೆಸರಾದರೂ ಸಿಗುತ್ತದೆ.

ಅಪ್ರೆಂಟಿಸ್‌ಶಿಪ್‌ಗೆ ಮೊದಲು ನೀವು ಓದಿದ ಸಂಸ್ಥೆಯಲ್ಲೇ ಕೇಳಿ, ಆಮೇಲೆ ಸರ್ಕಾರದ ಪೋರ್ಟಲ್ ನೋಡಿ. ದೊಡ್ಡ ಕಂಪನಿಗಳು ಬ್ಯಾಚ್ ಲೆಕ್ಕದಲ್ಲಿ ತೆಗೆದುಕೊಳ್ಳುವುದೇ ಜಾಸ್ತಿ, ಹಾಗಾಗಿ ‘ಈಗ ಇಲ್ಲ’ ಅಂದವರನ್ನು ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿಟ್ಟುಕೊಳ್ಳಿ. ಸೇರುವ ಮುಂಚೆ ಒಪ್ಪಂದ ಬರವಣಿಗೆಯಲ್ಲಿ ಇರಬೇಕು: ಏನು ಕಲಿಸುತ್ತಾರೆ, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು, ಕೊನೆಗೆ ಸರ್ಟಿಫಿಕೇಟ್ ಯಾರದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಅಪ್ರೆಂಟಿಸ್‌ಶಿಪ್ ಬಗ್ಗೆ ಕೊಟ್ಟ ಶಿಫಾರಸಿನಲ್ಲೂ ಬರವಣಿಗೆಯ ಒಪ್ಪಂದ ಮತ್ತು ತಕ್ಕ ಸಂಭಾವನೆ ಎರಡೂ ಇವೆ. ಕಲಿಸುವುದೇನು ಅಂತ ಕೇಳಿದಾಗ ತಡವರಿಸಿದರೆ, ಅವರಿಗೆ ಬೇಕಾಗಿರುವುದು ಕಡಿಮೆ ದುಡ್ಡಿಗೆ ದುಡಿಯುವವರು ಅಷ್ಟೇ.

ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೈನಿಂಗ್ ಕಿಟ್ ಅಂತ ಮೊದಲೇ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಆಫರ್ ಲೆಟರ್ ಕಳಿಸಿದ್ದರೂ ಅಷ್ಟೇ, ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ಮಾಡಿ ವಿಚಾರಿಸಿ.